ಛತ್ರಿಯ ದೊಡ್ಡಮ್ಮ ಹೋದದ್ದು

ನಮ್ಮ ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಛತ್ರಿ ಎನ್ನುತ್ತಾರೆ. ಛತ್ರಿ ಎಂದ ಕೂಡಲೇ ಮಹಾ ಕಿಲಾಡಿ, ಊರಿಗೇ ಟೋಪಿ ಹಾಕುವವನು ಎಂದುಕೊಂಡರೆ ನೀವು ಅವನಿಗೆ ಇಲ್ಲದ ಯೋಗ್ಯತೆ ಕೊಟ್ಟ ಹಾಗಾಗುತ್ತದೆ. ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನುಗಳನ್ನು ಜೋಪಾನವಾಗಿಟ್ಟು, ಹುಡುಕಿಕೊಂಡು ಬಂದವರಿಗೆ ವಾಪಸು ಕೊಡುವ ಕೋಣೆಯ ಗುಮಾಸ್ತ ಅವನು. ಜನ ಮರೆಯುವುದರಲ್ಲಿ ಮುಕ್ಕಾಲು ಪಾಲು ಛತ್ರಿಗಳೇ. ಹಾಗಾಗಿ ಹೆಸರು ಅಂಟಿಕೊಂಡಿತು, ಅಷ್ಟೆ. ಇನ್ನೊಬ್ಬರಿಗೆ ಟೋಪಿ ಹಾಕುವುದಿರಲಿ, ಇನ್ನೊಬ್ಬರು ಬಿಟ್ಟುಹೋದ ಟೋಪಿಗಳನ್ನು ಧೂಳು ಕೊಡವಿ ಸಾಲಾಗಿ ನೇತುಹಾಕುವ ಪ್ರಾಣಿ ಅದು.

ನಾನು ಅವನ ಪಕ್ಕದ ಕಿಟಕಿಯವನು, ತಿಂಗಳ ಪಾಸು ಕೊಡುವವನು. ಸಾಲದ್ದಕ್ಕೆ ಅವನ ಮನೆಯ ಮೇಲಿನ ಮಹಡಿಗೆ ಈಚೆಗೆ ಬಾಡಿಗೆಗೆ ಬಂದವನೂ ಹೌದು. ಆದ್ದರಿಂದ ಈ ಪ್ರಕರಣದಲ್ಲಿ ನನ್ನ ಮಾತೇ ಅಧಿಕೃತ. ಬೇರೆಯವರು ಏನಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಛತ್ರಿಗೆ ಒಂದು ಚಟವಿದೆ. 'ಕೋಟೆ ಕಾಳಗ' ಎಂಬ ಕಂಪ್ಯೂಟರ್ ಆಟ. ಇವನಂಥವರೇ ನಾಲ್ಕಾರು ಜನ ತಮ್ಮ ತಮ್ಮ ಮನೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಟ್ಟಾಗಿ ಒಂದು ಕೋಟೆ ಕಾಯುತ್ತಾರೆ. ಶತ್ರುಗಳು ಬಂದರೆ ಬಡಿಯುತ್ತಾರೆ. ಮೀಸೆಯಲ್ಲಿ ಒಂದೂ ಬಿಳಿಕೂದಲಿಲ್ಲದ ಕಾಲದಿಂದ ಅವನು ಆಡುತ್ತಿದ್ದಾನೆ. ಆ ಕಂಪನಿಯವರು ಆಗಾಗ ಅಪ್‌ಡೇಟ್ ಎಂದು ಏನಾದರೊಂದು ಬದಲಾಯಿಸುತ್ತಾರೆ. ಮಂಜು ಕವಿದ ಕೋಟೆಬಾಗಿಲನ್ನು ಒಡೆದು ಅಲ್ಲಿ ಬಣ್ಣಬಣ್ಣದ ಅಂಗಡಿಬೀದಿ ಮಾಡಿದರು. ಸೈನಿಕರಿಗೆ ಮೊಲದ ವೇಷ ಕೊಟ್ಟರು. ಶತ್ರುವನ್ನು ಕೊಂದ ಮೇಲೆ ಕುಣಿಯುವ ವ್ಯವಸ್ಥೆಯನ್ನೂ ಮಾಡಿದರು. ಒಂದೊಂದು ಸಲವೂ ಛತ್ರಿ ನನ್ನ ಕಿಟಕಿಗೆ ತಲೆ ಹಾಕಿ, "ಮುಗೀತು ಕಣೋ, ಹಾಳುಮಾಡ್ಬಿಟ್ರು, ಇನ್ನು ಆ ಕಡೆ ತಲೆ ಹಾಕಿ ಮಲಗಲ್ಲ" ಎಂದು ಘೋಷಿಸುತ್ತಿದ್ದ. ಅವತ್ತೇ ಸಂಜೆ ಕೆಳಗಿನ ಮನೆಯಿಂದ "ಹಿಡಿ, ಬಡಿ" ಎಂಬ ಸದ್ದು ಯಥಾಪ್ರಕಾರ ಕೇಳುತ್ತಿತ್ತು.

ಅವನು ಇಷ್ಟು ಸಹಿಸಿಕೊಂಡಿದ್ದಕ್ಕೆ ಕಾರಣ ಒಂದು ಸುತ್ತಿಗೆ. ಆ ಆಟದಲ್ಲಿ ಎಲ್ಲರೂ ಕತ್ತಿ, ಬಿಲ್ಲು ಎಂದು ಒಯ್ಯಾರ ಮಾಡಿದರೆ ನಮ್ಮವನದು ಒಂದು ದೈತ್ಯ ಸುತ್ತಿಗೆ. ಅದನ್ನು ಎತ್ತುವುದಕ್ಕೆ ಗುಂಡಿಯನ್ನು ಉಸಿರು ಬಿಗಿಹಿಡಿದು ಒತ್ತಿಕೊಂಡೇ ಇರಬೇಕು. ಬಿಟ್ಟರೆ ಮಾತ್ರ ಎದುರಿಗಿದ್ದವರು ನೆಲಸಮ. ಆ ಸುತ್ತಿಗೆಗೆ ಅವನು ಇಟ್ಟ ಹೆಸರು 'ದೊಡ್ಡಮ್ಮ'. ಇದು ನನಗೆ ಆಮೇಲೆ ತಿಳಿದದ್ದು. ನನ್ನ ಹಾಗೆ ನೀವೂ ಪೆದ್ದರಾಗುವುದು ಬೇಡವೆಂದು ಮೊದಲೇ ಹೇಳುತ್ತಿದ್ದೇನೆ.

ನಿಜವಾದ ದೊಡ್ಡಮ್ಮ ಬೇರೆ ಇದ್ದಳು. ತಾಯಿಯ ಅಕ್ಕ. ತಾಯಿಯಿಲ್ಲದ ಇವನನ್ನು ಎತ್ತಿ ಆಡಿಸಿ, ತಿದ್ದಿ ತೀಡಿ, ಅದಕ್ಕಿಂತ ಹೆಚ್ಚಾಗಿ ಬಡಿದು ಬೆಳೆಸಿದವಳು. ಅವಳ ಬಲಗೈಯ ಖ್ಯಾತಿ ದೊಡ್ಡದು. ಬೆನ್ನಿಗೆ ಒಂದು ಬಿದ್ದರೆ ಹೋದ ಜನ್ಮದ ತಪ್ಪೂ ನೆನಪಾಗುತ್ತಿತ್ತಂತೆ. ಇರುವುದು ಬೇರೆ ಊರಿನಲ್ಲಿ. ಬರುವುದು ಅಪರೂಪ. ನಾನು ಅವಳನ್ನು ಕಂಡಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಛತ್ರಿ ಕೆಲಸಕ್ಕೆ ಬಂದವನು ಕೋಣೆಯ ಬೀಗ ತೆಗೆದ, ಛತ್ರಿಗಳ ನಡುವೆ ಕೂತ, ಗೋಡೆ ನೋಡಿದ. ಮೂಗು ಕೆಂಪಗಾಗಿತ್ತು. ಯಾರದೋ ಕಳೆದುಹೋದ ಕರವಸ್ತ್ರದಲ್ಲೇ ಒರೆಸಿಕೊಂಡ. ನಿಯಮದ ಪ್ರಕಾರ ಅದು ದೊಡ್ಡ ತಪ್ಪು.

"ಏನಾಯ್ತೋ?" ಎಂದೆ.

"ದೊಡ್ಡಮ್ಮ ಹೋದ್ಲು ಕಣೋ."

ಅಷ್ಟರಲ್ಲಿ ಹಿಂದೆ ನಿಂತಿದ್ದ ಕಂಡಕ್ಟರಮ್ಮ ಕೇಳಿಸಿಕೊಂಡಳು. ಕಂಡಕ್ಟರಮ್ಮನಿಗೆ ಒಂದು ವಿಷಯ ತಿಳಿದರೆ ಅದು ಆ ಮಾರ್ಗದ ಎಲ್ಲ ನಿಲ್ದಾಣಗಳಿಗೂ ತಿಳಿದ ಹಾಗೆ.

"ಅಯ್ಯೋ ದೇವರೇ! ಯಾವಾಗ?"

"ನಿನ್ನೆ ಸಂಜೆ. ಒಂದು ಮಾತು ಹೇಳ್ದೆ ತೆಗೆದುಬಿಟ್ರು."

"ಏನಾಗಿತ್ತಪ್ಪ?"

"ಏನಾಗಿತ್ತು? ಏನೂ ಆಗಿರ್ಲಿಲ್ಲ, ಕಲ್ಲುಗುಂಡು ಇದ್ದ ಹಾಗಿದ್ಲು. ಭಾರ ಜಾಸ್ತಿ ಅಂತೆ. ಹೊಸಬರಿಗೆ ತೊಂದ್ರೆ ಆಗ್ತಿತ್ತಂತೆ. ಎಲ್ರೂ ಸೇರ್ಕೊಂಡು ದೂರು ಕೊಟ್ರು, ಕಂಪನಿಯವರು ತೆಗೆದುಹಾಕಿದ್ರು."

"ಹೊಸಬರು ಅಂದ್ರೆ ಸೊಸೆಯಂದಿರು," ಎಂದು ಕಂಡಕ್ಟರಮ್ಮ ನನ್ನ ಕಿವಿಯಲ್ಲಿ ವಿವರಿಸಿದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಈಗ ಇದಕ್ಕೂ ಕಂಪನಿಯವರು ಬಂದ್ರಾ!" ಎಂದು ನಿಟ್ಟುಸಿರು ಬಿಟ್ಟಳು.

"ಅವಳೇ ಇಲ್ಲದ ಮೇಲೆ ಇನ್ನೇನು ಉಳೀತು ಹೇಳಿ," ಎಂದ ಛತ್ರಿ. "ಇಷ್ಟು ವರ್ಷ ನನ್ನ ಕೈಲೇ ಇದ್ಲು."

ಸುದ್ದಿ ಮ್ಯಾನೇಜರಿಗೆ ಹೋಯಿತು. ನಮ್ಮ ಮ್ಯಾನೇಜರು ರಜೆ ಎಂಬ ಶಬ್ದ ಕೇಳಿದರೆ ಮೈಮೇಲೆ ಬಂದವರಂತೆ ಆಡುತ್ತಾರೆ. ಆದರೆ ಸಾವಿನ ಸುದ್ದಿಯಾದರೆ ಮೇಣದಂತೆ ಕರಗುತ್ತಾರೆ, ಯಾಕೆಂದರೆ ಅದರಲ್ಲಿ ಭಾಷಣಕ್ಕೆ ಅವಕಾಶವಿದೆ. ಛತ್ರಿಯನ್ನು ಕರೆಸಿದರು. ನಾನು ಪಾಸುಗಳಿಗೆ ಸಹಿ ಬೇಕೆಂಬ ನೆಪದಲ್ಲಿ ಬಾಗಿಲಲ್ಲೇ ನಿಂತೆ.

"ಕೂತ್ಕೊಳ್ಳಿ," ಎಂದರು. ಆ ಕೋಣೆಯಲ್ಲಿ ಗುಮಾಸ್ತನೊಬ್ಬನಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. "ದೊಡ್ಡಮ್ಮ ಹೋದ್ರಂತೆ. ತಿಳೀತು. ಇಂಥ ನೋವು ನನಗೂ ಗೊತ್ತು ಕಣ್ರಿ. ನಾನೂ ಕಳ್ಕೊಂಡಿದ್ದೀನಿ."

ಛತ್ರಿಯ ಮುಖ ಅರಳಿತು. "ನೀವೂನಾ ಸಾರ್! ನನಗೆ ಗೊತ್ತೇ ಇರ್ಲಿಲ್ಲ. ನಿಮ್ಮದು ಯಾವುದು ಸಾರ್?"

"ಅತ್ತೆ."

"ಯಾವಾಗ ಹೋಯ್ತು ಸಾರ್?"

"ಹೋದ ಚಳಿಗಾಲ."

"ಓಹೋ, ಚಳಿಗಾಲದ ಬದಲಾವಣೇಲಿ!"

"ಹೂಂ. ಹವಾ ಬದಲಾಯ್ತು, ತಡ್ಕೊಳ್ಳಲಿಲ್ಲ."

"ಅದರಲ್ಲಿ ಬಹಳ ಜನ ಕಳ್ಕೊಂಡ್ರು ಸಾರ್." ಛತ್ರಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ದನಿ ತಗ್ಗಿಸಿದ. "ಸಾರ್, ಅತ್ತೆ ಅಂದ್ರೆ... ಕತ್ತೀನಾ, ಕೊಡಲೀನಾ?"

ಮ್ಯಾನೇಜರು ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಯೋಚಿಸಿದರು.

"ಎರಡೂ," ಎಂದರು. ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

ಇಬ್ಬರೂ ಒಬ್ಬರ ಕೈ ಇನ್ನೊಬ್ಬರು ಹಿಡಿದುಕೊಂಡರು. ಎರಡು ಹೃದಯಗಳು ಅಷ್ಟು ಚೆನ್ನಾಗಿ ಅರ್ಥಮಾಡಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಮೇಲೆ ವರ್ಕ್‌ಶಾಪಿನಲ್ಲಿ ಸಂತಾಪ ಸಭೆ. ಬಸ್ಸಿನ ಅಡಿಯಿಂದ ಮೆಕ್ಯಾನಿಕ್‌ಗಳು ತೆವಳಿಕೊಂಡು ಹೊರಬಂದು ಎಣ್ಣೆ ಕೈ ಕಟ್ಟಿ ನಿಂತರು. ಮ್ಯಾನೇಜರು ಗಂಟಲು ಸರಿಮಾಡಿಕೊಂಡರು.

"ಭಾರವಾದ ವ್ಯಕ್ತಿತ್ವ. ತಮ್ಮ ಕೈಯಿಂದ ನೂರಾರು ಜನರನ್ನು..."

"ಸಾವಿರಾರು ಸಾರ್," ಎಂದ ಛತ್ರಿ ಮೆಲ್ಲಗೆ.

"ಸಾವಿರಾರು ಜನರನ್ನು ಮೇಲೆತ್ತಿದ..."

"ಎತ್ತಿದ್ದೇನೂ ಇಲ್ಲ ಸಾರ್. ಕೆಳಗೆ ಹಾಕಿದ್ದು."

ಮ್ಯಾನೇಜರು ಅದನ್ನು ದುಃಖದ ಲೆಕ್ಕಕ್ಕೆ ಬರೆದುಕೊಂಡು ಮೌನಕ್ಕೆ ಕರೆಕೊಟ್ಟರು. ಮೌನ ಅರ್ಧಕ್ಕೆ ಬಂದಾಗ ಕಳೆದುಹೋದ ಸಾಮಾನಿನ ಕೋಣೆಯೊಳಗೆ ಯಾರದೋ ಅಲಾರಂ ಗಡಿಯಾರ ಹೊಡೆದುಕೊಳ್ಳಲು ಶುರುಮಾಡಿ, ಮೌನ ಮುಗಿಯುವವರೆಗೂ ಬಿಡದೆ ಹೊಡೆದುಕೊಂಡಿತು. ಯಾರೂ ನಗಲಿಲ್ಲ. ಒಬ್ಬ ಮೆಕ್ಯಾನಿಕ್ ಮಾತ್ರ ಟೈರಿನ ಹಿಂದೆ ಹೋಗಿ ಕೂತ. ಮ್ಯಾನೇಜರು ಛತ್ರಿಗೆ ಕೇಳದೆಯೇ ರಜೆ ಕೊಟ್ಟು ಮನೆಗೆ ಕಳಿಸಿದರು. "ಇಂಥ ಮ್ಯಾನೇಜರು ಎಲ್ಲಿ ಸಿಗ್ತಾರೆ ಕಣೋ, ಒಬ್ಬ ಆಟಗಾರನ ಕಷ್ಟ ಇನ್ನೊಬ್ಬ ಆಟಗಾರನಿಗೇ ಗೊತ್ತಾಗೋದು," ಎಂದು ನನ್ನ ಬೆನ್ನು ತಟ್ಟಿ ಹೋದ. ಮ್ಯಾನೇಜರು ಯಾವ ಆಟ ಆಡುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ. ದುಃಖದಲ್ಲಿರುವವನನ್ನು ಪ್ರಶ್ನೆ ಕೇಳುವುದು ಬೇಡವೆಂದು ಸುಮ್ಮನಾದೆ.

ಅಷ್ಟರಲ್ಲಿ ಕಂಡಕ್ಟರಮ್ಮನ ಬಸ್ಸು ನಮ್ಮ ಬೀದಿ ಮುಟ್ಟಿತ್ತು. ಛತ್ರಿಯ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕಂಡಕ್ಟರಮ್ಮ ಅವಳ ಬಾಗಿಲ ಮುಂದೆ ನಿಲ್ದಾಣವಲ್ಲದ ಕಡೆ ಬಸ್ಸು ನಿಲ್ಲಿಸಿ, ಕೂಗಿ ವಿಷಯ ಹೇಳಿದಳು. ಪ್ರಯಾಣಿಕರೆಲ್ಲ ಕಿಟಕಿಗಳಿಂದ ಸಂತಾಪ ಸೂಚಿಸಿ ಮುಂದೆ ಹೋದರು.

ಹೆಂಡತಿ ನಿಜವಾಗಿ ಅತ್ತಳು. ದೊಡ್ಡಮ್ಮನ ಮೊಬೈಲಿಗೆ ಮಾಡಿದರೆ ಬರೀ ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಅದರಿಂದ ಸಾವು ಇನ್ನಷ್ಟು ಖಚಿತವಾಯಿತು. ಗಂಡ ಬಂದದ್ದೇ, "ಏನ್ರೀ, ದೊಡ್ಡಮ್ಮ ಹೋದ್ರಂತಲ್ಲ!" ಎಂದು ಬಿಕ್ಕಿದಳು.

ಛತ್ರಿ ದಂಗಾದ. "ನಿನಗೂ ಅವಳ ಮೇಲೆ ಇಷ್ಟು ಪ್ರೀತಿ ಇತ್ತಾ? ದಿನಾ ಬೈತಿದ್ದೆ!"

"ಬೈದ್ರೆ ಪ್ರೀತಿ ಇಲ್ಲ ಅಂತಾನಾ?"

"ಅಳಬೇಡ ಬಿಡು," ಎಂದು ಅವನು ತಲೆ ಸವರಿದ. "ಅವಳ ಬದಲಿಗೆ ಇನ್ನೊಬ್ಬಳನ್ನ ಕೊಟ್ಟಿದ್ದಾರೆ."

"ಇನ್ನೊಬ್ಬಳನ್ನ?"

"ಹಗುರವಾಗಿದ್ದಾಳೆ. ಸೊಂಟಕ್ಕೆ ಗುಲಾಬಿ ಬಣ್ಣದ ರಿಬ್ಬನ್ನು. ಮೊದಲಿನವಳ ಗತ್ತು ಎಲ್ಲಿ ಬರ್ಬೇಕು! ಆದ್ರೂ ಒಂದೆರಡು ದಿನ ಹೊಂದ್ಕೊಂಡು ನೋಡ್ತೀನಿ." ಹೀಗೆಂದವನೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಹೆಂಡತಿ ಅಲ್ಲೇ ಗೋಡೆಗೆ ಒರಗಿದಳಂತೆ. ಆಟ ಆಡುವಾಗ ಅವನು "ದೊಡ್ಡಮ್ಮ, ದೊಡ್ಡಮ್ಮ" ಎಂದು ಕೂಗುವುದನ್ನು ಅವಳು ಮದುವೆಯಾದಂದಿನಿಂದ ಕೇಳಿದ್ದಳು. ಏಟು ಬಿದ್ದರೆ ಬೇರೆಯವರು ಅಮ್ಮಾ ಎನ್ನುತ್ತಾರೆ, ಇವರನ್ನು ಸಾಕಿದವಳು ದೊಡ್ಡಮ್ಮ, ಅದಕ್ಕೆ ಹಾಗನ್ನುತ್ತಾರೆ ಎಂದುಕೊಂಡಿದ್ದಳು. ಈಗ ಗಂಡನಿಗೆ ತಲೆ ಕೆಟ್ಟಿತು ಎಂದು ತೀರ್ಮಾನಿಸಿ ತನ್ನ ಅಕ್ಕನ ಗಂಡನಿಗೆ, ಅಂದರೆ ಛತ್ರಿಯ ಷಡ್ಡಕನಿಗೆ, ಫೋನು ಮಾಡಿದಳು.

ಇತ್ತ ಡಿಪೋದಲ್ಲಿ ನಾನು ಕಿಟಕಿಯಲ್ಲಿ ಕೂತಿದ್ದೆ. ಛತ್ರಿಯ ಕೋಣೆಗೆ ಬೀಗ. ಬೀಗದಕೈ ಅವನ ಜೇಬಿನಲ್ಲಿ. ಅವನು ಹೋದ ಮೇಲೆ ಒಬ್ಬ ಡ್ರೈವರು ಬಸ್ಸಿನಲ್ಲಿ ಸಿಕ್ಕಿದ ಕೈಚೀಲವೊಂದನ್ನು ತಂದು ಕಿಟಕಿಯ ಸಂದಿಯಿಂದ ಒಳಗೆ ತುರುಕಿ ಹೋಗಿದ್ದ. ಅದರೊಳಗೆ ಒಂದು ಮೊಬೈಲು ಒಂದೇ ಸಮನೆ ಬಡಕೊಳ್ಳುತ್ತಿತ್ತು.

ಮಧ್ಯಾಹ್ನ ಒಬ್ಬ ಹೆಂಗಸು ಬಂದಳು. ವಯಸ್ಸಾಗಿತ್ತು, ಬೆನ್ನು ಮಾತ್ರ ಕಂಬದ ಹಾಗೆ ನೆಟ್ಟಗಿತ್ತು. ಶಾಲು ಹೊದ್ದು, ಬಲಗೈಯನ್ನು ಶಾಲಿನೊಳಗೇ ಇಟ್ಟುಕೊಂಡಿದ್ದಳು.

"ಚೀಲ ಬಸ್ಸಲ್ಲಿ ಬಿಟ್ಟುಬಿಟ್ಟೆ ಕಣಪ್ಪ. ಆ ಕಿಟಕಿ ಯಾಕೆ ಮುಚ್ಚಿದೆ?"

"ಅವರು ರಜೆ ಅಮ್ಮ. ಮನೇಲಿ ಸಾವಾಗಿದೆ."

ಅವಳ ಮುಖ ಬಿಳಚಿಕೊಂಡಿತು. "ಯಾರು? ಯಾರು ಹೋದ್ರು?"

"ಅವರ ದೊಡ್ಡಮ್ಮ. ಸಾಕಿ ಬೆಳೆಸಿದೋರು."

ಅವಳು ಪಕ್ಕದ ಬೆಂಚನ್ನು ಎಡಗೈಯಿಂದ ಎಳೆದುಕೊಂಡು ನನ್ನ ಕಿಟಕಿಯ ಮುಂದೆ ಕೂತಳು.

"ಅತ್ನಾ?"

"ಅತ್ನಾ ಅಂದ್ರೆ! ಬೆಳಗ್ಗೆಯಿಂದ ಧಾರಾಕಾರ."

"ನಿಜವಾಗ್ಲೂ?"

"ಮೂಗು ಟೊಮೇಟೊ ಆಗಿತ್ತು ನೋಡಿ. ಸಭೆ ಮಾಡಿದ್ವಿ, ಮೌನ ಆಚರಿಸಿದ್ವಿ."

"ಏನಂದ? ಅವನು ಬಾಯಿಬಿಟ್ಟು ಏನಂದ?"

"ಅವಳೇ ಇಲ್ಲದ ಮೇಲೆ ಇನ್ನೇನು ಉಳೀತು ಅಂದ."

ಅವಳು ಎಡಗೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡಳು. "ಇನ್ನೂ ಸ್ವಲ್ಪ ಹೇಳಪ್ಪ."

ಕೇಳುವವರು ಇಷ್ಟು ಶ್ರದ್ಧೆಯಿಂದ ಕೇಳಿದರೆ ಯಾರಿಗೆ ತಾನೆ ಹುರುಪು ಬರುವುದಿಲ್ಲ? ನಾನು ಇದ್ದದ್ದಕ್ಕೆ ಸ್ವಲ್ಪ ಒಗ್ಗರಣೆ ಸೇರಿಸಿದೆ. ಎದೆ ಬಡಿದುಕೊಂಡ ಎಂದೆ. ಊಟ ಮುಟ್ಟಲಿಲ್ಲ ಎಂದೆ. ಕೊನೆಗೆ ಅವಳು ಮೂಗೊರೆಸಿಕೊಂಡು, "ನಮ್ಮೆದುರಿಗೆ ಒಂದು ದಿನವೂ ಒಳ್ಳೆ ಮಾತಾಡಿದೋನಲ್ಲ, ಮುಂಡೇದು," ಎಂದಳು.

"ನಿಮಗೆ ಅವರು ಗೊತ್ತಾ?"

"ಸತ್ತಿರೋಳು ನಾನೇ ಕಣಪ್ಪ."

ನನ್ನ ಕೈಯಿಂದ ಪಾಸಿನ ಮೊಹರು ಜಾರಿ ಪಾದದ ಮೇಲೆ ಬಿತ್ತು. ನನ್ನ ಕೂಗಿಗೆ ಮ್ಯಾನೇಜರು ಓಡಿ ಬಂದರು. ಅವರು ಇಂಥ ಸಂದರ್ಭದಲ್ಲೂ ನಿಯಮ ಬಿಡುವವರಲ್ಲ. ತೀರಿಕೊಂಡವರ ಸಾಮಾನನ್ನು ವಾರಸುದಾರರಿಗೆ ಮಾತ್ರ ಕೊಡಬಹುದು, ತೀರಿಕೊಂಡವರು ಸ್ವತಃ ಬಂದರೆ ಏನು ಮಾಡಬೇಕೆಂದು ನಿಯಮದಲ್ಲಿಲ್ಲ ಎಂದರು. ಹೇಗಿದ್ದರೂ ಬೀಗದಕೈ ಛತ್ರಿಯ ಹತ್ತಿರ. ಮೂವರೂ ಅವನ ಮನೆಗೆ ಹೊರಟೆವು.

ದಾರಿಯುದ್ದಕ್ಕೂ ದೊಡ್ಡಮ್ಮ ಬಸ್ಸಿನ ಕಿಟಕಿಯ ಪಕ್ಕ ಕೂತು ಒಬ್ಬಳೇ ನಗುತ್ತಿದ್ದಳು. "ಯಾರೋ ಏನೋ ತಪ್ಪು ಸುದ್ದಿ ಕೊಟ್ಟಿದ್ದಾರೆ, ಪಾಪ. ಆದ್ರೂ ಬದುಕಿರುವಾಗಲೇ ಇದನ್ನೆಲ್ಲ ಕೇಳೋ ಪುಣ್ಯ ಯಾರಿಗಿದೆ ಹೇಳು? ನೀವು ಯಾರೂ ಬಾಯಿಬಿಡ್ಬೇಡಿ. ಅವನು ಅಳೋದನ್ನ ನಾನು ಒಂದು ಸಲ ಕಣ್ಣಾರೆ ನೋಡ್ಬೇಕು," ಎಂದಳು.

ಮನೆಯಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ನಡುಮನೆಯಲ್ಲಿ ಷಡ್ಡಕ ನಿಂತಿದ್ದ. ಅವನು ದೊಡ್ಡಮ್ಮನನ್ನು ನೋಡಿದ್ದು ಮದುವೆಮನೆಯಲ್ಲಿ ಒಂದೇ ಸಲ, ಅದೂ ಬೆನ್ನ ಕಡೆಯಿಂದ. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವನು ಅವನೇ.

"ನನ್ನ ಕೈ ಹಿಡ್ಕೊಂಡು ಹೇಳಿದ್ರು," ಎನ್ನುತ್ತಿದ್ದ, "ಈ ಮನೆ ಅಳಿಯಂದಿರಲ್ಲಿ ಬುದ್ಧಿ ಅಂತ ಇರೋದು ನಿನಗೊಬ್ಬನಿಗೇ ಕಣಪ್ಪಾ ಅಂತ."

"ನಾನ್ಯಾವಾಗ ಹೇಳ್ದೆ?" ಎಂದಳು ದೊಡ್ಡಮ್ಮ ಬಾಗಿಲಿಂದ.

ಷಡ್ಡಕ ತಿರುಗಿ ನೋಡಿದ. ಗುರುತು ಸಿಗಲಿಲ್ಲ. "ನೀವಲ್ಲಮ್ಮ, ತೀರ್ಕೊಂಡೋರು," ಎಂದು ವಿವರಿಸತೊಡಗಿದ. ಅಷ್ಟರಲ್ಲಿ ಹೆಂಡತಿ ಅವಳನ್ನು ಕಂಡು ಕಿಟಾರನೆ ಕಿರುಚಿ ಹೊಲಿಗೆ ಯಂತ್ರವನ್ನೇ ತಬ್ಬಿಕೊಂಡಳು. ಷಡ್ಡಕನಿಗೆ ಆಗ ಅರ್ಥವಾಗಿ, ಹತ್ತಿರವಿದ್ದ ಮಂಚದ ಕೆಳಗೆ ಹೊರಟುಹೋದ.

"ಹೆದರಬೇಡ್ವೇ, ನಾನೇ. ಎಲ್ಲಿ ಅವನು?"

ಹೆಂಡತಿ ಮುಚ್ಚಿದ ಬಾಗಿಲ ಕಡೆ ಬೆರಳು ತೋರಿಸಿದಳು. ಒಳಗಿಂದ ಛತ್ರಿಯ ದನಿ ಮನೆ ಅದುರುವ ಹಾಗೆ ಬರುತ್ತಿತ್ತು.

"ಕೊಲ್ಲು! ಬಿಡ್ಬೇಡ! ನನ್ನ ದೊಡ್ಡಮ್ಮ ಇದ್ದಿದ್ರೆ ಇಷ್ಟೊತ್ತಿಗೆ ನಿಮ್ಮಲ್ಲಿ ಒಬ್ಬನೂ ಉಳೀತಿರ್ಲಿಲ್ಲ ಕಣ್ರೋ!"

"ಮಧ್ಯಾಹ್ನದಿಂದ ಹೀಗೇ," ಎಂದು ಹೆಂಡತಿ ಬಿಕ್ಕಿದಳು. ನೆರೆದವರು ದುಃಖ ತಲೆಗೇರಿದೆ ಎಂದು ಪಿಸುಗುಟ್ಟಿದರು. ದೊಡ್ಡಮ್ಮ ಮಾತ್ರ ಆ ಕೂಗನ್ನು ಕಣ್ಣು ಮುಚ್ಚಿ ಕೇಳಿ, ಸುಖದಿಂದ ತಲೆದೂಗಿ, ಬಾಗಿಲು ತಳ್ಳಿದಳು.

ಛತ್ರಿ ಹೆಡ್‌ಫೋನ್ ಸರಿಸಿ ತಿರುಗಿದ. ಅವನ ಪಾಲಿಗೆ ಅವಳು ಸತ್ತೇ ಇರಲಿಲ್ಲವಲ್ಲ. ಹಾಗಾಗಿ ಅವನೊಬ್ಬನೇ ಹೆದರಲಿಲ್ಲ.

"ಏ ದೊಡ್ಡಮ್ಮ! ಯಾವಾಗ ಬಂದೆ? ಒಂದು ಫೋನಾದ್ರೂ ಮಾಡ್ಬಾರ್ದಾ? ಊಟ ಆಯ್ತಾ?" ಆಮೇಲೆ ಅವಳ ಹಿಂದೆ ಮ್ಯಾನೇಜರನ್ನು ಕಂಡು ಎದ್ದು ನಿಂತ. "ಸಾರ್, ಆಡೋಕ್ಕೆ ಬಂದ್ರಾ?"

"ಆಡೋಕ್ಕೆ?" ಮ್ಯಾನೇಜರ ಮುಖ ಹೊಗೆಯಾಡಿತು. "ನಿಮ್ಮ ದೊಡ್ಡಮ್ಮ ತೀರ್ಕೊಂಡ್ರು ಅಂತ ರಜೆ ಕೊಟ್ಟಿದ್ದೀನಿ. ಇವರು ಯಾರು?"

"ಅಯ್ಯೋ, ಇವಳಲ್ಲ ಸಾರ್, ಹೋಗಿದ್ದು ಸುತ್ತಿಗೆ! ನಿಮ್ಮ ಅತ್ತೆ ಹೋಯ್ತಲ್ಲ, ಹಾಗೆ!"

"ನನ್ನ ಅತ್ತೆ ಮನುಷ್ಯರು ಕಣ್ರೀ!"

ಒಂದೊಂದಾಗಿ ಗಂಟು ಬಿಚ್ಚಿತು. ಪರದೆಯ ಮೇಲೆ ರಿಬ್ಬನ್ ಕಟ್ಟಿದ ಹೊಸ ಸುತ್ತಿಗೆಯನ್ನು ತೋರಿಸಿ, ಹಳೆಯದರ ಹೆಸರು ಹೇಳಿ, ಎಲ್ಲವನ್ನೂ ಅವನೇ ಬಾಯಿಬಿಟ್ಟ. ಸಭೆಯಲ್ಲಿ ಆದ ಮೌನ ಒಂದು ಸುತ್ತಿಗೆಗೆ ಸಂದದ್ದೆಂದು ತಿಳಿದು ಮ್ಯಾನೇಜರು ಕುರ್ಚಿ ಹುಡುಕಿಕೊಂಡು ಕೂತರು. ಷಡ್ಡಕ ಮಂಚದ ಕೆಳಗಿಂದಲೇ, "ನನಗೆ ಮೊದಲೇ ಅನುಮಾನ ಇತ್ತು," ಎಂದ.

ನಾನು ದೊಡ್ಡಮ್ಮನನ್ನು ನೋಡುತ್ತಿದ್ದೆ. ದಾರಿಯುದ್ದಕ್ಕೂ ಇದ್ದ ಆ ನಗು ಇರಲಿಲ್ಲ. ಕಂಬದಂಥ ಬೆನ್ನು ಸ್ವಲ್ಪ ಬಾಗಿತ್ತು. ಎಡಗೈಯಿಂದ ತಡಕಿ ಹಾಸಿಗೆಯ ಅಂಚಿನಲ್ಲಿ ಕೂತಳು.

"ಹಾಗಾದ್ರೆ ಬೆಳಗ್ಗೆಯಿಂದ ನೀನು ಅತ್ತಿದ್ದು ಸುತ್ತಿಗೆಗೆ," ಎಂದಳು.

ನಾನು ಅಷ್ಟು ಒಗ್ಗರಣೆ ಹಾಕಬಾರದಿತ್ತು ಅನ್ನಿಸಿತು.

ಛತ್ರಿಗೂ ತಟ್ಟಿತು. ಅವನು ಇನ್ನೇನೂ ಹೇಳದೆ, ಚಿಕ್ಕಂದಿನ ಅಭ್ಯಾಸದಂತೆ ಅವಳ ಮುಂದೆ ಬಂದು ತಿರುಗಿ, ಬೆನ್ನು ಬಗ್ಗಿಸಿ ನಿಂತ. "ತಪ್ಪಾಯ್ತು. ಹೊಡಿ."

ಎಲ್ಲರೂ ಕಾದೆವು. ಏಟು ಬೀಳಲಿಲ್ಲ.

"ಹೊಡಿ ದೊಡ್ಡಮ್ಮ."

ಆಗಲೂ ಬೀಳಲಿಲ್ಲ. ಅವನು ನಿಧಾನವಾಗಿ ನೆಟ್ಟಗಾಗಿ ತಿರುಗಿದ. ಆ ದಿನ ಅವನು ನಿಜವಾಗಿ ಹೆದರಿದ್ದು ಆಗಲೇ. "ಯಾಕೆ ಹೊಡೀತಿಲ್ಲ? ಏನಾಯ್ತು ನಿನಗೆ?"

ಅವಳು ಶಾಲಿನಿಂದ ಬಲಗೈಯನ್ನು ಹೊರಗೆ ತೆಗೆದಳು. ಅದು ಗಾಳಿಗೆ ಸಿಕ್ಕ ಕಾಗದದ ಹಾಗೆ ನಡುಗುತ್ತಿತ್ತು.

"ಇದನ್ನ ತೋರಿಸೋಕ್ಕೇ ಈ ಊರಿಗೆ ಬಂದಿದ್ದು. ಡಾಕ್ಟ್ರ ಹತ್ರ ಹೋಗಿದ್ದೆ. ಭಯ ಏನೂ ಇಲ್ಲವಂತೆ, ಇನ್ನೂ ಬಹಳ ದಿನ ಬಾಳ್ತೀಯ ಅಂದ್ರು. ಆದ್ರೆ ಮೊದಲಿನ ಕೈ ವಾಪಸ್ ಬರಲ್ಲವಂತೆ. ಒಂದು ಲೋಟ ನೀರು ತುಂಬ ಎತ್ತೋಕ್ಕಾಗಲ್ಲ. ನನ್ನ ಕೈಯೂ ಹಗುರ ಆಯ್ತು ಕಣೋ. ಅದಕ್ಕೆ ಯಾರೂ ಸಭೆ ಸೇರಿಸಲಿಲ್ಲ."

ಛತ್ರಿ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಗೊಳೋ ಎಂದು ಅತ್ತ. ಬೆಳಗ್ಗೆ ಅತ್ತದ್ದು ಇದರ ಮುಂದೆ ಏನೂ ಅಲ್ಲ ಎಂದು ಎರಡನ್ನೂ ಕಂಡ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ದೊಡ್ಡಮ್ಮ ಅವನನ್ನು ಸ್ವಲ್ಪ ಹೊತ್ತು ಅಳುವುದಕ್ಕೆ ಬಿಟ್ಟು, ಚೆನ್ನಾಗಿ ನೋಡಿಕೊಂಡು, ಆಮೇಲೆ ಕೇಳಿದಳು.

"ಅಷ್ಟು ದೊಡ್ಡ ಸುತ್ತಿಗೆಗೆ ನನ್ನ ಹೆಸರು ಯಾಕೋ ಇಟ್ಟೆ?"

"ಈ ಊರಿಗೆ ಹೊಸದಾಗಿ ಬಂದಾಗ ಒಬ್ಬನೇ ಇದ್ದೆ," ಎಂದ ಅವನು ಮೂಗೆಳೆಯುತ್ತ. "ಮಾತಾಡ್ಸೋರು ಗತಿ ಇರ್ಲಿಲ್ಲ. ಆಟದಲ್ಲಿ ನಾಲ್ಕು ಜನ ಸುತ್ತುವರಿದ್ರೆ ಓಡಿಹೋಗಿ ಬಚ್ಚಿಟ್ಕೊಳ್ತಿದ್ದೆ. ಆ ಸುತ್ತಿಗೆ ಸಿಕ್ತು. ಚಿಕ್ಕಂದಿನಲ್ಲಿ ಬೀದಿ ಪೋಕರಿಗಳು ನನ್ನ ಹಿಡ್ಕೊಂಡಾಗ ನೀನು ಬಂದು ಮಧ್ಯೆ ನಿಲ್ತಿದ್ದೆಯಲ್ಲ, ಅದೂ ಹಾಗೇ ನಿಲ್ತಿತ್ತು. ನೀನು ಪಕ್ಕದಲ್ಲಿದ್ದೀಯ ಅನ್ನಿಸ್ತಿತ್ತು. ಬೇರೆ ಏನು ಹೆಸರಿಡ್ಲಿ?"

ಹೆಂಡತಿ ಯಾಕೋ ಹೊಲಿಗೆ ಯಂತ್ರದ ಕಡೆ ತಿರುಗಿ ದಾರ ಪೋಣಿಸುವವಳಂತೆ ಮಾಡಿದಳು. ಮ್ಯಾನೇಜರು ಮತ್ತೆ ಕರವಸ್ತ್ರ ತೆಗೆದರು.

"ಎಲ್ಲಿ, ಆ ರಿಬ್ಬನ್ನಿನವಳನ್ನ ತೋರಿಸು," ಎಂದಳು ದೊಡ್ಡಮ್ಮ ಕೊನೆಗೆ.

ಹೊಸ ಸುತ್ತಿಗೆಗೆ ಒತ್ತಿ ಹಿಡಿಯುವ ಕಷ್ಟವಿಲ್ಲ. ಮುಟ್ಟಿದರೆ ಸಾಕು, ಬೀಸುತ್ತದೆ. ನಡುಗುವ ಬೆರಳಾದರೆ ಇನ್ನೂ ಅನುಕೂಲ, ಒಂದಕ್ಕೆ ನಾಲ್ಕು ಏಟು. ದೊಡ್ಡಮ್ಮ ಮುಟ್ಟಿದಳು. ಮೊಲದ ವೇಷದವನೊಬ್ಬ ಅಂಗಡಿಯ ಮಾಡಿನ ಮೇಲೆ ಹೋಗಿ ಬಿದ್ದ. "ಇವನ್ಯಾರೋ ಕಿವಿ ದೊಡ್ಡದಿರೋನು?" ಎಂದು ಇನ್ನೊಬ್ಬನನ್ನೂ ಕೆಡವಿದಳು. ಸ್ಪೀಕರಿನಲ್ಲಿ ಛತ್ರಿಯ ಜೊತೆಗಾರರ ದನಿ ಬಂತು. ಒಬ್ಬ ಹಲ್ಲಿನ ಡಾಕ್ಟರು, ಇನ್ನೊಬ್ಬ ಲಾರಿ ಡ್ರೈವರು.

"ಯಾರಯ್ಯ ಅದು, ನಿನ್ನ ಜಾಗದಲ್ಲಿ ಆಡ್ತಿರೋದು?" ಎಂದ ಹಲ್ಲಿನ ಡಾಕ್ಟರು.

"ದೊಡ್ಡಮ್ಮ," ಎಂದ ಛತ್ರಿ.

"ಏನು! ದೊಡ್ಡಮ್ಮ ವಾಪಸ್ ಬಂದ್ಲಾ?" ಎಂದು ಲಾರಿಯವನು ಕುಣಿದಾಡಿದ. "ದೊಡ್ಡಮ್ಮ ಬಂದ್ಲು, ಓಡ್ರೋ!"

ದೊಡ್ಡಮ್ಮನ ಬೆನ್ನು ಮತ್ತೆ ಕಂಬವಾಯಿತು. ಷಡ್ಡಕ ಮಂಚದ ಕೆಳಗಿಂದ ಹೊರಬಂದ. ಸಂತಾಪಕ್ಕೆ ಬಂದಿದ್ದವರು ಸಂಜೆಯವರೆಗೂ ಕೂತು, ಹೊಡಿ, ಬಿಡ್ಬೇಡ ಎಂದು ಕೂಗಿ, ಗಂಟಲು ಕಟ್ಟಿಸಿಕೊಂಡು ಮನೆಗೆ ಹೋದರು.

ಮೆಟ್ಟಿಲ ಹತ್ತಿರ ಛತ್ರಿ ನನ್ನ ತೋಳು ಹಿಡಿದು ನಿಲ್ಲಿಸಿದ. "ಯಾರಿಗೂ ಹೇಳ್ಬೇಡ. ಆ ಹಳೇ ಸುತ್ತಿಗೆ ಒತ್ತಿ ಒತ್ತಿ ನನ್ನ ಹೆಬ್ಬೆರಳು ಹೋಗಿತ್ತು ಕಣೋ. ಇವತ್ತು ನೋವೇ ಇಲ್ಲ. ಹಾಯಾಗಿದೆ. ಹಾಯಾಗಿದೆ ಅನ್ನೋಕ್ಕೆ ನಾಚಿಕೆ ಆಗುತ್ತೆ." ಸ್ವಲ್ಪ ತಡೆದು, "ಆ ಮಂಜಿನ ಬಾಗಿಲು ಮಾತ್ರ ಒಡೀಬಾರ್ದಿತ್ತು," ಎಂದು ಸೇರಿಸಿದ.

ಮರುದಿನ ಬೆಳಗ್ಗೆ ಮ್ಯಾನೇಜರು ಅವನ ಕಿಟಕಿಯ ಮುಂದೆ ಅತ್ತಿತ್ತ ನೋಡುತ್ತ ನಿಂತರು. ಕೊಟ್ಟ ರಜೆಯನ್ನು ವಾಪಸು ಪಡೆಯಲು ಬಂದಿದ್ದಾರೆ ಎಂದು ನಾನು ಕಿವಿ ನಿಮಿರಿಸಿದೆ.

"ಆ ಆಟದಲ್ಲಿ," ಎಂದರು ಮೆಲ್ಲಗೆ, "ಕತ್ತಿಗೂ ಹೆಸರಿಡಬಹುದೇನ್ರಿ?"

ಆಮೇಲೆ ದೊಡ್ಡಮ್ಮ ಚೀಲ ತೆಗೆದುಕೊಳ್ಳಲು ಬಂದಳು. ಮುಂದಿನ ತಿಂಗಳು ಮತ್ತೆ ಬರುತ್ತೇನೆ, ಅಷ್ಟರಲ್ಲಿ ಕೋಟೆ ಬಿಟ್ಟುಕೊಡಬೇಡಿ ಎಂದು ಲಾರಿಯವನಿಗೂ ಹಲ್ಲಿನ ಡಾಕ್ಟರಿಗೂ ಹೇಳಿ ಬಂದಿದ್ದಳು. ಛತ್ರಿ ಬೀಗ ತೆಗೆದು, ಚೀಲ ಮೇಜಿನ ಮೇಲಿಟ್ಟು, ಗಂಭೀರವಾಗಿ ಕೇಳಿದ, "ಚೀಲ ನಿಮ್ಮದೇ ಅನ್ನೋದಕ್ಕೆ ಗುರುತು?"

"ಗುರುತು ಬೇಕಾ ನಿನಗೆ?" ಎನ್ನುತ್ತ ದೊಡ್ಡಮ್ಮ ಬಾಗಿಲಿನಿಂದ ಒಳಗೇ ನುಗ್ಗಿ, ಶಾಲಿನಿಂದ ಬಲಗೈ ತೆಗೆದು, ಅವನ ಬೆನ್ನಿಗೆ ಒಂದು ಕೊಟ್ಟಳು.

ನಾನು ಹತ್ತಿರದಲ್ಲೇ ಇದ್ದೆ. ಅಂಗಿಯ ಮೇಲೆ ಕುಳಿತ ಧೂಳೂ ಏಳಲಿಲ್ಲ. ಛತ್ರಿ ಒಂದು ಕ್ಷಣ ಹಾಗೇ ನಿಂತ. ಆಮೇಲೆ ಬೆನ್ನು ಹಿಡಿದುಕೊಂಡು ಡಿಪೋಗೆ ಡಿಪೋವೇ ತಿರುಗಿ ನೋಡುವ ಹಾಗೆ ಕೂಗಿಕೊಂಡ.

"ಅಯ್ಯಯ್ಯೋ! ಸತ್ತೆ! ಕೊಂದ್ಬಿಟ್ಳಲ್ಲಪ್ಪ!"

ಮೆಕ್ಯಾನಿಕ್‌ಗಳು ಬಸ್ಸಿನಡಿಯಿಂದ ತಲೆ ಹೊರಹಾಕಿದರು. ಮ್ಯಾನೇಜರು ಕೋಣೆಯಿಂದ ಓಡಿ ಬಂದರು. "ಏನಾಯ್ತ್ರೀ?"

"ದೊಡ್ಡಮ್ಮ ಹೊಡೆದ್ಲು ಸಾರ್!"

ಒಮ್ಮೆ ಮೋಸಹೋದ ಮನುಷ್ಯ ಅವರು. ನಿಂತಲ್ಲೇ ನಿಂತು, "ಯಾವ ದೊಡ್ಡಮ್ಮ?" ಎಂದರು.

"ನಿಜವಾದೋಳು ಸಾರ್," ಎಂದ ಛತ್ರಿ. ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೂ ಹರಡಿತ್ತು.

ದೊಡ್ಡಮ್ಮ ತನ್ನ ಕೈಯನ್ನೊಮ್ಮೆ ಮೇಲೆ ಕೆಳಗೆ ನೋಡಿಕೊಂಡಳು. "ಪರವಾಗಿಲ್ಲ, ಇನ್ನೂ ಇದೆ," ಎಂದು ಅದನ್ನು ಶಾಲಿನ ಹೊರಗೇ ಬಿಟ್ಟುಕೊಂಡು, ಎಡಗೈಯಲ್ಲಿ ಚೀಲ ಹಿಡಿದು, ಬಸ್ಸಿನ ಕಡೆ ನಡೆದಳು.